ರೈಡಿಂಗ್: ಸವಾರಿಯೂ ಅಲ್ಲ, ಜಿಲ್ಲೆಯೂ ಅಲ್ಲ. ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೆನಡಾದ ಒಂಟಾರಿಯೋದಲ್ಲಿರುವ ನನ್ನ ಅಕ್ಕನ ಮಗ 2025ರ ಫೆಬ್ರವರಿಯಲ್ಲಿ ಫೋನ್ ಮಾಡಿದ್ದ. ಅಲ್ಲಿ 27ನೇ ತಾರೀಕು ಪ್ರಾಂತ್ಯದ ಚುನಾವಣೆ. "ನಮ್ಮ ರೈಡಿಂಗ್‌ನಲ್ಲಿ ಈ ಸಲ ಪೈಪೋಟಿ ಜೋರು" ಅಂದ. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮಮ್ಮ, "ಈ ಚಳೀಲಿ ಎಂಥ ಸವಾರಿನೋ, ಜೋಪಾನ" ಅಂದರು. ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಒಬ್ಬ ಶಾಸಕನನ್ನು ಆರಿಸುವ ಕ್ಷೇತ್ರಕ್ಕೆ ಅಲ್ಲಿಯ ಜನ ರೈಡಿಂಗ್ ಅನ್ನುತ್ತಾರೆ. ಕುದುರೆ ಮೇಲೆ ಒಂದು ದಿನದಲ್ಲಿ ಸುತ್ತಿ ಬರುವಷ್ಟು ಜಾಗ, ಅದಕ್ಕೇ ಆ ಹೆಸರು ಅಂತ ಅಲ್ಲಿಯೂ ಹೇಳುವವರಿದ್ದಾರೆ. ಅದು ಸುಮ್ನೆ ಕಟ್ಟಿದ ಕತೆ. ಪದದ ಬೇರು ಹಳೆಯ ನಾರ್ಸ್ ಭಾಷೆಯ 'ಥ್ರಿಧ್ಯುಂಗ್ರ್', ಅಂದರೆ ಮೂರನೇ ಒಂದು ಪಾಲು. ನಮ್ಮ 'ತೃತೀಯ' ಇದರ ದೂರದ ನೆಂಟ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನೆಲೆ ನಿಂತ, ಆ ಭಾಷೆ ಆಡುತ್ತಿದ್ದ ಡೆನ್ಮಾರ್ಕ್ ಕಡೆಯ ಡೇನರ ಕಾಲದಿಂದ ಆ ಸೀಮೆಗೆ ಮೂರು ಪಾಲು: ಉತ್ತರ, ಪೂರ್ವ, ಪಶ್ಚಿಮ. ದಕ್ಷಿಣದ ಪಾಲು ಇರಲೇ ಇಲ್ಲ. ಇಂಗ್ಲಿಷರ ಬಾಯಲ್ಲಿ ಒಂದೊಂದು ಪಾಲೂ 'ಥ್ರೈಡಿಂಗ್' ಆಯಿತು. 'ನಾರ್ತ್ ಥ್ರೈಡಿಂಗ್' ಅಂತ ನಾಲ್ಕು ಸಲ ಬೇಗ ಬೇಗ ಹೇಳಿ ನೋಡಿ. ಎರಡನೆಯ 'ಥ' ಹಿಂದಿನದರಲ್ಲಿ ಕರಗಿಹೋಗುತ್ತದೆ. ಉಳಿಯುವುದು ರೈಡಿಂಗ್. ಸಂಧಿ ಓದಿದ ನಮಗೆ ಇದೇನೂ ಹೊಸದಲ್ಲ ಅಲ್ವಾ?

ಈ ಪದ ಕಡಲು ದಾಟಿ ಅಪ್ಪರ್ ಕೆನಡಾಕ್ಕೆ ಹೋಯಿತು. ಇಂದಿನ ಒಂಟಾರಿಯೋದ ಮೊದಲ ರೂಪ ಅದು. 1792ರಲ್ಲಿ ಅಲ್ಲಿ ಮೊದಲ ಶಾಸನಸಭೆಗೆ ಚುನಾವಣೆ ನಡೆದಾಗ ಲಿಂಕನ್ ಅನ್ನುವ ಸೀಮೆಯಲ್ಲಿ 'ನಾಲ್ಕನೇ ಲಿಂಕನ್' ಅನ್ನುವ ರೈಡಿಂಗ್ ಕೂಡ ಇತ್ತು. ಮೂರು ಪಾಲಲ್ಲಿ ನಾಲ್ಕನೆಯದು! ಅಷ್ಟರಲ್ಲಿ ಪದದೊಳಗಿನ ಲೆಕ್ಕ ಯಾರಿಗೂ ನೆನಪಿರಲಿಲ್ಲ. ನಮ್ಮ ಕಲ್ಲುಶಾಸನಗಳಲ್ಲಿ ಬರುವ ಬನವಾಸಿ 12000, ಗಂಗವಾಡಿ 96000 ಅನ್ನುವ ಸೀಮೆಗಳ ಹೆಸರುಗಳು ನೆನಪಾಗುತ್ತವೆ. ಆ ಅಂಕಿ ಏನನ್ನು ಎಣಿಸುತ್ತಿತ್ತು ಅಂತ ನಾವೂ ಇನ್ನೂ ಚರ್ಚೆ ಮಾಡುತ್ತಲೇ ಇದ್ದೇವೆ.

ಈಗ ಅನುವಾದದ ಮಾತು. ಸರ್ಕಾರಿ ಕಾಗದದಲ್ಲಿ ಅಲ್ಲಿ 'ಎಲೆಕ್ಟೋರಲ್ ಡಿಸ್ಟ್ರಿಕ್ಟ್' ಅಂತ ಇರುತ್ತದೆ. ಅದನ್ನು 'ಚುನಾವಣಾ ಜಿಲ್ಲೆ' ಅಂದರೆ ಕೆಟ್ಟಿತು. ಜಿಲ್ಲೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಡಿಸಿ ಕಚೇರಿ. 'ಕ್ಷೇತ್ರ' ಸಾಕು, ಎಲ್ಲರಿಗೂ ತಿಳಿಯುತ್ತದೆ. ಆದರೆ ಕ್ಷೇತ್ರ ಅಂದಾಗ ಜಾಗ ಕಾಣುತ್ತದೆ, ಪಾಲು ಕಾಣುವುದಿಲ್ಲ.

ಪಾಲಿನ ಮಾತು ಯಾಕೆ ಮುಖ್ಯ ಅಂತ ಹೇಳುತ್ತೇನೆ. ಒಂಟಾರಿಯೋದ ದೂರದ ಉತ್ತರದಲ್ಲಿ ಮೊದಲು ಎರಡೇ ದೊಡ್ಡ ರೈಡಿಂಗ್‌ಗಳಿದ್ದವು. 2017ರ ಕಾನೂನು ಅವನ್ನು ನಾಲ್ಕು ಮಾಡಿತು, ಸಭೆಯ ಸೀಟು 122ರಿಂದ 124ಕ್ಕೆ ಏರಿತು. ಹಾಗೆ ಹುಟ್ಟಿದ್ದು ಕೀವೆಟಿನೂಂಗ್. ಹೆಸರು ಆ ನೆಲದ ಒಜಿಬ್ವೆ ಭಾಷೆಯದು, ಉತ್ತರ ದಿಕ್ಕಿಗೆ ಸೇರಿದ್ದು. ವಿಸ್ತಾರದಲ್ಲಿ ಇಡೀ ಕರ್ನಾಟಕದ ಸುಮಾರು ಒಂದೂವರೆ ಪಟ್ಟು. ಜನ ಮಾತ್ರ 33,000ದ ಆಸುಪಾಸು. ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಬೇರೆ ಹೆಚ್ಚಿನ ರೈಡಿಂಗ್‌ಗಳಲ್ಲಿ ಜನ ಲಕ್ಷ ದಾಟಿರುವಾಗ ಇಷ್ಟು ಕಡಿಮೆ ಜನಕ್ಕೆ ಒಂದು ಸೀಟಾ ಅನ್ನಬಹುದು. ನನಗಂತೂ ಅದು ಸರಿ ಅನ್ನಿಸುತ್ತದೆ. ದೊಡ್ಡ ಕ್ಷೇತ್ರದಲ್ಲಿ ಅವರ ಮತ ಕರಗಿಹೋಗುತ್ತಿತ್ತು. 2018ರಲ್ಲಿ ಅಲ್ಲಿಂದ ಗೆದ್ದವರು ಸೋಲ್ ಮಾಮಾಕ್ವಾ. 2024ರ ಮೇ 28ರಂದು ಅವರು ಟೊರಾಂಟೋದ ಸಭೆಯಲ್ಲಿ ಎದ್ದು ನಿಂತು ತಮ್ಮ ತಾಯ್ನುಡಿ ಒಜಿ-ಕ್ರೀಯಲ್ಲಿ ಮಾತಾಡಿದರು. ಅದಕ್ಕಾಗಿ ಸಭೆಯ ನಿಯಮವನ್ನೇ ಬದಲಿಸಬೇಕಾಯಿತು. ಆವರೆಗೆ ಇಂಗ್ಲಿಷ್, ಫ್ರೆಂಚ್ ಎರಡಕ್ಕೇ ಅವಕಾಶ. ಎರಡು ವರ್ಷ ಮೊದಲು, 2022ರ ಮೇನಲ್ಲಿ, ಒಟ್ಟಾವಾದ ಕೇಂದ್ರ ಸಂಸತ್ತಿನಲ್ಲಿ ನೆಪಿಯನ್ ರೈಡಿಂಗ್‌ನ ಅಂದಿನ ಸಂಸದ, ಶಿರಾ ಮೂಲದ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಶಿರಾ ಕಡೆಯ ಕನ್ನಡ ಅಲ್ಲಿ ಕೇಳಿದಾಗ ನನಗೆ ಆದ ಖುಷಿ, ಒಜಿ-ಕ್ರೀ ಮನೆಗಳಲ್ಲಿ ಎಷ್ಟು ಪಟ್ಟು ಜಾಸ್ತಿ ಆಗಿರಬೇಕು.

ಹಾಗಾಗಿ ನನ್ನ ಸಲಹೆ ಇಷ್ಟು: ಸುದ್ದಿ ಬರೆಯುವಾಗ 'ಕ್ಷೇತ್ರ', ಚರಿತ್ರೆ ಬರೆಯುವಾಗ 'ರೈಡಿಂಗ್' ಅಂತಲೇ ಇಡೋಣ. ಇನ್ನು ನನ್ನ ಪ್ರಶ್ನೆ. ಬೆಳೆಯಲ್ಲಿ ಪಾಲು ಮಾಡುವಾಗ ಕೋರಿಗೆ, ವಾರಕ್ಕೆ ಅನ್ನುತ್ತೇವಲ್ಲ, ಹಾಗೆ ಮೂರರಲ್ಲಿ ಒಂದು ಪಾಲಿಗೆ ನಿಮ್ಮ ಊರಲ್ಲಿ ಒಂದೇ ಪದ ಇದೆಯಾ? ಊರಿನ ಅಥವಾ ಸೀಮೆಯ ಹೆಸರಲ್ಲಿ ಅದು ಉಳಿದಿದ್ದರೆ ಇನ್ನೂ ಒಳ್ಳೆಯದು. ಯಾವ ಊರು, ಹೇಗೆ ಹೇಳುತ್ತಾರೆ ಅಂತ ಸೇರಿಸಿ ಬರೆಯಿರಿ.