ಶಿರಸಿಯ ಅಡಿಕೆ ಗೋದಾಮಿನಲ್ಲಿ ವಿಮಾನ ಕಟ್ಟಬಹುದೇ? ಅನುಭವ ಇದ್ದವರು ಹೇಳಿ

ಶಿರಸಿಯಿಂದ ಕೇಳಿದ್ದು:

ಎರಡು ಸೀಟಿನ ಅಲ್ಯೂಮಿನಿಯಂ ಕಿಟ್ ವಿಮಾನ ತರಿಸಿ ಮನೆಯಲ್ಲೇ ಜೋಡಿಸಬೇಕು ಎನ್ನುವ ಆಸೆ ಹತ್ತು ವರ್ಷದಿಂದ ಇದೆ. ಅಡಿಕೆ ತುಂಬುತ್ತಿದ್ದ ಗೋದಾಮು ಈಗ ಖಾಲಿ, 40 ಅಡಿ ಉದ್ದ. ವೈರಿಂಗ್, ವೆಲ್ಡಿಂಗ್ ಬರುತ್ತದೆ, ತಗಡು ಜೋಡಿಸುವ ರಿವೆಟ್ ಕೆಲಸ ಮಾಡಿದವನಲ್ಲ. ಬ್ಯಾಟರಿಯನ್ನು ಸೀಟಿನ ಹಿಂದಕ್ಕೆ ಹಾಕಿ, ದೊಡ್ಡ ಟ್ಯಾಂಕ್ ಕೂರಿಸಿ, ಮೀಟರುಗಳ ಪ್ಯಾನೆಲ್ಲನ್ನು ನನಗೆ ಬೇಕಾದ ಹಾಗೆ ಮಾಡಿಕೊಳ್ಳುವ ಯೋಚನೆ. ಎಲ್ಲಿಂದ ಶುರು ಮಾಡಲಿ?

ಕುಮಟಾದಿಂದ:

ಯಾವ ಕಿಟ್ ಎನ್ನುವುದು ಆಮೇಲೆ. ಮೊದಲು ಗೋದಾಮಿನ ಗಾಳಿ ನೋಡಿಕೊಳ್ಳಿ. ಆರ್ದ್ರತೆ ತೋರಿಸುವ ಸಣ್ಣ ಮೀಟರ್ ತಂದು ಗೋಡೆಗೆ ತೂಗುಹಾಕಿ, ಜುಲೈ ತಿಂಗಳು ಪೂರ್ತಿ ಬರೆದಿಡಿ. ನಾನು ಅದನ್ನು ಮಾಡದೆ ಕೆಟ್ಟೆ.

ಹೊರದೇಶದ ವಿಮಾನ ರಿಪೇರಿ ಶೆಡ್ಡಿನಲ್ಲಿ ವರ್ಷಗಟ್ಟಲೆ ತಗಡಿನ ಕೆಲಸ ಮಾಡಿ ಊರಿಗೆ ಬಂದವನು ನಾನು. ಮನೆಯ ಹಿಂದೆ ಬಾಲದ ಕಿಟ್ ಬಿಚ್ಚಿಕೊಂಡೆ. ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಎಲಿವೇಟರಿನ (ಮೂಗು ಏರಿಸಿ ಇಳಿಸಲು ಬಾಲದಲ್ಲಿ ಆಡುವ ಭಾಗ) ರಿಬ್ಬುಗಳೆಲ್ಲ, ಅಂದರೆ ಒಳಗಿನ ತಗಡಿನ ಪಕ್ಕೆಲುಬುಗಳೆಲ್ಲ, ತಯಾರಾಗಿದ್ದವು. ತೇವ ತಡೆಯುವ ಮೊದಲ ಬಣ್ಣ, ಪ್ರೈಮರ್, ಹೊಡೆಯಲಿಲ್ಲ. ಗೋಣಿಚೀಲದ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಹೊದೆಸಿ, ಮಳೆ ಮುಗಿಯಲಿ ಎಂದು ಬಿಟ್ಟೆ. ನವರಾತ್ರಿಗೆ ತೆಗೆದರೆ ತಗಡಿನ ಮೇಲೆಲ್ಲ ಬಿಳಿ ಹುಡಿ. ಒರೆಸಿದಲ್ಲಿ ಸೂಜಿ ಚುಚ್ಚಿದಂಥ ಗುಳಿ. ಪ್ಲಾಸ್ಟಿಕ್ ಒಳಗೆ ಬೆವರಿದ ನೀರು, ಗೋಣಿಯ ತೇವ, ಕಡಲ ಉಪ್ಪು, ಮೂರೂ ಸೇರಿ ತಿಂದಿದ್ದವು. ಎರಡು ರಿಬ್ಬಿನಲ್ಲಿ ನಾನು ಪೆನ್ಸಿಲ್ಲಿನಿಂದ ಎಳೆದ ಗೆರೆಯೇ ಗೀರಾಗಿ ಇಳಿದಿತ್ತು. ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟ್ ಇರುತ್ತದೆ. ತೇವ ಸೇರಿದರೆ ಅಲ್ಯೂಮಿನಿಯಂ ಜೊತೆ ಬ್ಯಾಟರಿಯಂತೆ ಕೆಲಸ ಮಾಡಿ, ಅಲ್ಯೂಮಿನಿಯಮ್ಮನ್ನೇ ಸವೆಸುತ್ತದೆ. ವೃತ್ತಿಯಲ್ಲಿ ಇದು ಗೊತ್ತಿದ್ದವನೇ ನಾನು, ಮನೆಯಲ್ಲಿ ಕೈಗೆ ಸಿಕ್ಕಿದ್ದು ಪೆನ್ಸಿಲ್ ಎಂದು ಎಳೆದುಬಿಟ್ಟಿದ್ದೆ. ತೆಳು ಮೊನೆಯ ಮಾರ್ಕರ್ ಪೆನ್ ಬಿಟ್ಟು ಬೇರೆ ಯಾವುದನ್ನೂ ತಗಡಿಗೆ ತಾಗಿಸಬೇಡಿ.

ತಗಡಿನಲ್ಲೂ ಜಾತಿ ಇದೆ. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ಸಾಲಿನ ಕಿಟ್‌ಗಳಲ್ಲಿ ಹೆಚ್ಚಾಗಿ 2024-ಟಿ3 ಎನ್ನುವ ಜಾತಿ. ತಾಮ್ರ ಬೆರೆತ ಮಿಶ್ರಲೋಹ, ಗಟ್ಟಿ, ಆದರೆ ಉಪ್ಪಿಗೆ ಬೇಗ ಸೋಲುತ್ತದೆ. ಅದಕ್ಕೇ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರ ಹಚ್ಚಿರುತ್ತಾರೆ. ಮರಳು ಕಾಗದ ಹಾಕಿ ತಿಕ್ಕಿದರೆ ಆ ಪದರವೇ ಹೋಯಿತು. ಜೆನಿತ್ ಕಂಪನಿಯ ಸಿಎಚ್ 701, 750 ಕಿಟ್‌ಗಳಲ್ಲಿ ಬರುವುದು 6061-ಟಿ6 ಎನ್ನುವ ಜಾತಿ. ಬಲ ಸ್ವಲ್ಪ ಕಡಿಮೆ, ತೇವಕ್ಕೆ ಹೆಚ್ಚು ತಾಳುತ್ತದೆ, ಒಂದೇ ಬದಿಯಿಂದ ಎಳೆದು ಕೂರಿಸುವ ಪಾಪ್ ರಿವೆಟ್ಟಿನಲ್ಲೇ ಬಹುತೇಕ ಕೆಲಸ ಮುಗಿಯುತ್ತದೆ. ರಿವೆಟ್ ಗನ್ ಹಿಡಿಯದ ಕೈಗೆ, ನಮ್ಮ ಹವೆಗೆ, ನನ್ನ ಮತ ಇದಕ್ಕೇ.

ಪ್ರೈಮರ್ ದೀಪಾವಳಿ ಕಳೆದ ಮೇಲೆ, ಮೇ ತಿಂಗಳ ಸೆಖೆ ಬೆವರಿಳಿಸುವ ಮೊದಲು. ಮಳೆಯಲ್ಲಿ ಎಪಾಕ್ಸಿ ಪ್ರೈಮರ್ ಹೊಡೆದರೆ ಅದನ್ನು ಗಟ್ಟಿಮಾಡಲು ಬೆರೆಸುವ ಹಾರ್ಡನರ್ ಗಾಳಿಯ ತೇವದ ಜೊತೆ ಸೇರಿ ಮೇಲೊಂದು ಮೇಣದಂಥ ಜಿಡ್ಡು ಕಟ್ಟುತ್ತದೆ, ಮುಂದಿನ ಕೋಟ್ ಹಿಡಿಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ವೈರಿಂಗ್, ಪ್ಯಾನೆಲ್, ನಕ್ಷೆ ಓದುವುದು. ಬೇಕಾದಷ್ಟು ಕೆಲಸ ಇದೆ.

ಇಡೀ ಕಿಟ್ ಒಟ್ಟಿಗೆ ತರಿಸಬೇಡಿ. ಬಾಲದ ಭಾಗ ಮಾತ್ರ ತರಿಸಿ. ಅದಕ್ಕೂ ಮೊದಲು ಚೂರು ತಗಡಿನ ಮೇಲೆ ನೂರಿನ್ನೂರು ರಿವೆಟ್ ಹೊಡೆದು, ಡ್ರಿಲ್ಲಿನಿಂದ ಕೊರೆದು ತೆಗೆದು, ಮತ್ತೆ ಹೊಡೆಯಿರಿ. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ದಪ್ಪದ ಎರಡು ಪಟ್ಟಾದರೂ ಜಾಗ ಬಿಡಬೇಕು. ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲೆಕೋಗಳು ನೂರಾರು ಬೇಕು. ಬೆಳ್ಳಿ ಬಣ್ಣದ್ದು 3/32 ಇಂಚಿನ ತೂತಿಗೆ, ತಾಮ್ರ ಬಣ್ಣದ್ದು 1/8 ಇಂಚಿಗೆ.

ಇನ್ನು ನಿಮ್ಮ ಬದಲಾವಣೆಗಳು. ಪ್ಯಾನೆಲ್, ಸೀಟಿನ ಬಟ್ಟೆ, ಬಣ್ಣ ನಿಮ್ಮಿಷ್ಟ, ತೂಕ ಬರೆದಿಡಿ ಅಷ್ಟೇ. ಬ್ಯಾಟರಿ ಹಿಂದಕ್ಕೆ ಬೇಡ. ಲೆಕ್ಕ ನೋಡಿ: 5 ಕೆ.ಜಿ. ಬ್ಯಾಟರಿ 2 ಮೀಟರ್ ಹಿಂದೆ ಹೋದರೆ, 400 ಕೆ.ಜಿ. ವಿಮಾನದ ಗುರುತ್ವ ಕೇಂದ್ರ ಎರಡೂವರೆ ಸೆಂ.ಮೀ. ಹಿಂದೆ ಸರಿಯುತ್ತದೆ. ಕೇಳಲು ಸಣ್ಣದು. ಆದರೆ ಬಾಲ ಭಾರವಾದ ವಿಮಾನ ವೇಗ ಕಳೆದುಕೊಂಡು ಸ್ಟಾಲ್ ಆದರೆ, ಅಂದರೆ ರೆಕ್ಕೆಯ ಎತ್ತುವ ಬಲ ಹೋದರೆ, ಮೂಗು ಕೆಳಗಿಳಿಸುವುದೇ ಕಷ್ಟ. ಟ್ಯಾಂಕೂ ಹಾಗೆಯೇ: 30 ಲೀಟರ್ ಹೆಚ್ಚು ಪೆಟ್ರೋಲ್ ಎಂದರೆ 22 ಕೆ.ಜಿ. ಆಸುಪಾಸು, ಆ ಭಾರಕ್ಕೆ ಎಂದು ರೆಕ್ಕೆ ಲೆಕ್ಕ ಹಾಕಿಲ್ಲ. ವಿನ್ಯಾಸ ಮಾಡಿದವರು ಬರೆದು ಒಪ್ಪಿದರೆ ಮಾತ್ರ ಕೈ ಹಾಕಿ.

ಕಾರವಾರದಿಂದ:

ಅಣ್ಣಾ, ನಾನು ಬೈತಖೋಲ ಬಂದರಿನಲ್ಲಿ ಬೋಟ್ ಇಂಜಿನ್ ಕೆಲಸದವ, ವಿಮಾನ ಕಟ್ಟಿಲ್ಲ. ಕುಮಟಾದವರು ಹೇಳಿದ ಶುದ್ಧ ಪದರದ ಗುಟ್ಟು ನಮಗೆ ಗೊತ್ತು: ಬೋಟಿನ ತಳಕ್ಕೆ ಸತುವಿನ ಗಟ್ಟಿ ಕಟ್ಟುತ್ತೇವಲ್ಲ, ಅದು ತಾನು ಸವೆದು ಉಳಿದ ಲೋಹ ಉಳಿಸುತ್ತದೆ. ಸ್ಟೀಲ್ ಜೊತೆ ತೇವದಲ್ಲಿ ಸೇರಿದರೆ ಹಾಗೆ ಸವೆಯುವುದು ಅಲ್ಯೂಮಿನಿಯಂ. ಹಾಗಾಗಿ ಅಂಗಡಿಯ ಸಾದಾ ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ಹಾಕಲೇಬೇಡಿ, ಕಿಟ್ ಜೊತೆ ಬರುವ ಕ್ಯಾಡ್ಮಿಯಂ ಲೇಪದ್ದನ್ನೇ ಹಾಕಿ.

ಪೆಟ್ರೋಲ್ ಬಗ್ಗೆ ಒಂದು ಮಾತು. ಇಂಥ ಸಣ್ಣ ವಿಮಾನಗಳಿಗೆ ಹಾಕುವ 100 ಎಚ್‌ಪಿಯ ರೋಟಾಕ್ಸ್ 912 ಯುಎಲ್‌ಎಸ್ ಇಂಜಿನ್‌ಗೆ 95 ಆಕ್ಟೇನ್ ಬೇಕು, ಎಥನಾಲ್ ಶೇ. 10ರ ಮೇಲೆ ಇರಬಾರದು ಎನ್ನುತ್ತದೆ ಕಂಪನಿ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಬೆರೆತದ್ದು. ಎಥನಾಲ್ ತೇವ ಎಳೆಯುತ್ತದೆ. ನಮ್ಮ ಔಟ್‌ಬೋರ್ಡ್ ಇಂಜಿನ್‌ಗಳ ಕಾರ್ಬುರೇಟರ್ ಬಿಚ್ಚಿದಾಗ ಅಂಟು ಅಂಟಾದ ಕೆಸರು ನೋಡಿ ನೋಡಿ ಸಾಕಾಗಿದೆ. ಇಂಜಿನ್ ಆರಿಸುವ ಮೊದಲೇ ಪೆಟ್ರೋಲ್ ಎಲ್ಲಿಂದ ಎಂದು ತೀರ್ಮಾನ ಮಾಡಿ.

ಇತ್ತ ಬಂದಾಗ ಟ್ಯಾಗೋರ್ ಕಡಲತೀರದ ಟುಪೋಲೆವ್-142 ನೋಡಿ. ನೌಕಾಪಡೆಯಲ್ಲಿ 1988ರಿಂದ 2017ರವರೆಗೆ ಇದ್ದ ವಿಮಾನ ಅದು. ರಿವೆಟ್ ಸಾಲು ಹೇಗೆ ಹೋಗುತ್ತದೆ ಎಂದು ಹತ್ತಿರ ನಿಂತು ನೋಡಲು ನಮ್ಮ ಜಿಲ್ಲೆಯಲ್ಲಿ ಬೇರೆ ಜಾಗ ನನಗೆ ಗೊತ್ತಿಲ್ಲ.

ಯಲ್ಲಾಪುರದಿಂದ:

ಕಾಗದಪತ್ರ ಮೊದಲು. ದುಡ್ಡು ಕಟ್ಟುವ ಮೊದಲೇ ನಾಗರಿಕ ವಿಮಾನಯಾನ ನಿರ್ದೇಶನಾಲಯಕ್ಕೆ (ಡಿಜಿಸಿಎ) ಬರೆದು, ಯಾವ ವರ್ಗದಲ್ಲಿ ನೋಂದಣಿ, ಯಾರು ತಪಾಸಣೆ ಎಂದು ಕೇಳಿ ಉತ್ತರ ಇಟ್ಟುಕೊಳ್ಳಿ. ಮುಂಬೈಯ ಕಾಂದಿವಲಿಯಲ್ಲಿ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅದನ್ನು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿಟ್ಟರು. ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಕರಾವಳಿಯ ಮೇಲೆ ಸುಮ್ಮನೆ ಹಾರಿಸುವ ಮಾತಿಲ್ಲ.

ಸಾಗಿಸುವುದೂ ಯೋಚಿಸಿ. ಗೋದಾಮಿನ ಬಾಗಿಲು ಅಳೆದಿದ್ದೀರಾ? ನಾನು ಲಾರಿಯಲ್ಲಿ ಉದ್ದದ ಸಾಮಾನು ಹೇರಿಕೊಂಡು ಅರಬೈಲ್ ಘಟ್ಟದ ತಿರುವಿನಲ್ಲಿ ಅರ್ಧ ದಿನ ನಿಂತವನು. ವ್ಯಾನ್ಸ್ ಆರ್‌ವಿ-12ರ ರೆಕ್ಕೆಗಳನ್ನು ಇಬ್ಬರು ಸೇರಿ ಕೆಲವೇ ನಿಮಿಷದಲ್ಲಿ ಕಳಚಬಹುದು. ನಮ್ಮಂಥ ಊರಿಗೆ ಇದು ದೊಡ್ಡ ಅನುಕೂಲ.

ಕುಮಟಾದಿಂದ ಮತ್ತೆ:

ಬಾಗಿಲಿನ ಮಾತು ನನಗೆ ಹೊಳೆದಿರಲಿಲ್ಲ, ಒಳ್ಳೆಯದಾಯಿತು. ಶಿರಸಿಯವರೇ, ದೀಪಾವಳಿ ಮುಗಿದ ಮೇಲೆ ದೇವಿಮನೆ ಘಟ್ಟ ಇಳಿದು ಬನ್ನಿ. ಗುಳಿಬಿದ್ದ ಆ ಎಲಿವೇಟರ್ ರಿಬ್ಬುಗಳನ್ನು ಎಸೆದಿಲ್ಲ, ಶೆಡ್ಡಿನ ಗೋಡೆಗೇ ಇವೆ. ಅವುಗಳ ಮೇಲೆಯೇ ರಿವೆಟ್ ಹೊಡೆದು, ಕೊರೆದು ತೆಗೆಯುವುದನ್ನು ಕಲಿಯಿರಿ. ಕ್ಲೆಕೋ ಒಂದಿಷ್ಟು ಕೊಡುತ್ತೇನೆ, ನಿಮ್ಮದು ಬರುವ ತನಕ ಇಟ್ಟುಕೊಳ್ಳಿ. ಜುಲೈಯ ಮೀಟರ್ ಪುಸ್ತಕ ಮರೆಯದೆ ತನ್ನಿ.