ಕರೆಂಟ್ ಹೋಗಿ ಬಂದರೆ ಆಕ್ಸೆಸ್ ಬಿಲ್ ಫಾರಂನಲ್ಲಿ ‘ಓಡಿಬಿಸಿ ಕಾಲ್ ಫೇಲ್ಡ್’

ವಖಾರಿ_ಲೆಕ್ಕ (ಶಿರಸಿ):
ಅಡಿಕೆ ವಖಾರಿಯ ಬಿಲ್ಲಿಂಗ್. ಫಾರಂ, ರಿಪೋರ್ಟ್ ಇರುವ ಫ್ರಂಟ್ ಎಂಡ್ ಆಕ್ಸೆಸ್ 2016, ಹಿಂದೆ ಡೇಟಾ ಇಡಲು ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್. ನಾಲ್ಕು ಲ್ಯಾಪ್‌ಟಾಪ್, ಎಲ್ಲವೂ ಕೇಬಲ್ ಮೇಲೆ. ಸರ್ವರ್‌ಗೆ ಯುಪಿಎಸ್ ಇದೆ. ಮಳೆಗಾಲ ಶುರುವಾದಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಬಿಲ್ ಫಾರಂನಲ್ಲಿ ಎರರ್ 3146 (‘ಓಡಿಬಿಸಿ ಕಾಲ್ ಫೇಲ್ಡ್’). ಫಾರಂ ಮುಚ್ಚಿ ತೆರೆದರೂ ಅದೇ, ಆಕ್ಸೆಸ್ ಪೂರ್ತಿ ಮುಚ್ಚಬೇಕು. ರಿಜಿಸ್ಟ್ರಿಯಲ್ಲಿ ಕನೆಕ್ಷನ್ ಟೈಮ್‌ಔಟ್ 600ರಿಂದ 7200ಕ್ಕೆ ಏರಿಸಿದರೂ ವ್ಯತ್ಯಾಸವಿಲ್ಲ. ಆಕ್ಸೆಸ್ ಮತ್ತು ಸರ್ವರ್ ಜೋಡಿಸುವ ಓಡಿಬಿಸಿ ಡ್ರೈವರ್ ವಿಂಡೋಸ್ ಜೊತೆ ಬರುವ ಹಳೆಯ ‘ಎಸ್‌ಕ್ಯೂಎಲ್ ಸರ್ವರ್’.

ಕಾಳಿ_ದಂಡೆ (ಕಾರವಾರ):
ಆ 600 ಸೆಕೆಂಡಿನ ಲೆಕ್ಕವೇ ಬೇರೆ. ಕೆಲಸವಿಲ್ಲದ ಕನೆಕ್ಷನ್ ಅನ್ನು ಆಕ್ಸೆಸ್ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದಷ್ಟೇ ಅದು. ಸತ್ತ ಕನೆಕ್ಷನ್ ಅದರಿಂದ ಬದುಕುವುದಿಲ್ಲ, ವಾಪಸ್ 600 ಮಾಡಿ.

ನಿಮ್ಮ ನೆಟ್‌ವರ್ಕ್ ಸ್ವಿಚ್‌ಗೆ ಯುಪಿಎಸ್ ಇದೆಯೇ? ಇರಲಿಕ್ಕಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಸರ್ವರ್ ಯುಪಿಎಸ್‌ನಲ್ಲಿ, ನಡುವಿನ ಸ್ವಿಚ್ ಮಾತ್ರ ಆರಿ ಮತ್ತೆ ಬೂಟ್ ಆಗುತ್ತದೆ. ಕೇಬಲ್ ಲಿಂಕ್ ಹೋದ ಕೂಡಲೇ ತೆರೆದಿದ್ದ ಕನೆಕ್ಷನ್‌ಗಳು ಕಡಿಯುತ್ತವೆ. ಆಕ್ಸೆಸ್ ಮಾತ್ರ ಕ್ಯಾಶ್‌ನಲ್ಲಿರುವ ಅದೇ ಹಳೆಯ ಕನೆಕ್ಷನ್ ಹಿಡಿದು ಕೂತಿರುತ್ತದೆ. ಮೊದಲು ಸ್ವಿಚ್ಚನ್ನು ಸರ್ವರ್‌ನ ಯುಪಿಎಸ್‌ಗೇ ಹಾಕಿ, ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಆಮೇಲೆ ಡ್ರೈವರ್. ‘ಓಡಿಬಿಸಿ ಡ್ರೈವರ್ 17 ಫಾರ್ ಎಸ್‌ಕ್ಯೂಎಲ್ ಸರ್ವರ್’ ನಾಲ್ಕೂ ಲ್ಯಾಪ್‌ಟಾಪ್‌ಗೆ ಹಾಕಿ. ವಿಂಡೋಸ್ 64 ಬಿಟ್ ಇದ್ದರೆ 64 ಬಿಟ್ ಇನ್‌ಸ್ಟಾಲರೇ ಸಾಕು, ಆಫೀಸ್ 32 ಬಿಟ್ ಇದ್ದರೂ ನಡೆಯುತ್ತದೆ. ಕಡಿದುಹೋದ ಕನೆಕ್ಷನ್ ಅನ್ನು ಇದು ತಾನೇ ಮತ್ತೆ ಕಟ್ಟುತ್ತದೆ. ಡೀಫಾಲ್ಟ್ ಒಂದೇ ಯತ್ನ, ಅದೂ ತಕ್ಷಣ. ಸ್ವಿಚ್ ಬೂಟ್ ಆಗುವಷ್ಟು ಕಾಯಬೇಕೆಂದರೆ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ (ಯಾವ ಡ್ರೈವರ್, ಯಾವ ಸರ್ವರ್ ಎಂದು ಹೇಳುವ ಸಾಲು) ಕನೆಕ್ಟ್‌ರಿಟ್ರೈಕೌಂಟ್ 5, ಕನೆಕ್ಟ್‌ರಿಟ್ರೈಇಂಟರ್‌ವಲ್ 10 ಕೊಡಿ, ಅಂದರೆ ಐದು ಯತ್ನ, ನಡುವೆ ಹತ್ತು ಸೆಕೆಂಡ್. ಎಲ್ಲ ಲಿಂಕ್ಡ್ ಟೇಬಲ್‌ಗಳಿಗೂ (ಆಕ್ಸೆಸ್‌ನಲ್ಲಿ ಕಾಣುವ ಸರ್ವರ್ ಟೇಬಲ್‌ಗಳು) ಒಂದೇ ಸ್ಟ್ರಿಂಗ್ ಇರಲಿ. ರಿಲಿಂಕ್ ಆದಮೇಲೆ ಆಕ್ಸೆಸ್ ಒಮ್ಮೆ ಪೂರ್ತಿ ಮುಚ್ಚಿ. ಡ್ರೈವರ್ 18 ಹಾಕಿದರೆ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಇರುತ್ತದೆ, ಸರ್ಟಿಫಿಕೇಟ್ ತಕರಾರು ಬರುತ್ತದೆ. ವಖಾರಿಗೆ 17 ಸಾಕು.

ಒಂದು ಸೂಕ್ಷ್ಮ ಇದೆ. ಕನೆಕ್ಷನ್ ಖಾಲಿ ಇದ್ದರೆ ಮಾತ್ರ ಈ ಮರುಜೋಡಣೆ ನಡೆಯುತ್ತದೆ. ರಿಸಲ್ಟ್ ಅರ್ಧ ಓದಿ ಬಿಟ್ಟಿದ್ದರೆ ಇಲ್ಲ. ಬಿಲ್ ಫಾರಂನಲ್ಲಿ ಸಾವಿರಾರು ರೈತರ ಹೆಸರಿನ ಕಾಂಬೊ ಬಾಕ್ಸ್ (ಆಯ್ಕೆ ಪಟ್ಟಿ) ಇದೆಯೇ? ಮೊದಲ ಕೆಲವು ಸಾಲು ತಂದು ಉಳಿದದ್ದನ್ನು ಸರ್ವರ್‌ನಲ್ಲೇ ಬಾಕಿ ಇಡುವುದು ಆಕ್ಸೆಸ್‌ನ ಚಾಳಿ. ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದ ಆಕ್ಟಿವಿಟಿ ಮಾನಿಟರ್ ತೆರೆದು ವೇಟ್ ಟೈಪ್ ನೋಡಿ: ‘ಅಸಿಂಕ್ ನೆಟ್‌ವರ್ಕ್ ಐಓ’ ಬಹಳ ಹೊತ್ತು ನಿಂತಿದ್ದರೆ ಇದೇ. ಫಾರಂ ಲೋಡ್‌ನಲ್ಲಿ ಕಾಂಬೊದ ಲಿಸ್ಟ್‌ಕೌಂಟ್ ಒಮ್ಮೆ ಓದಿದರೆ ಪಟ್ಟಿ ಪೂರ್ತಿ ಇಳಿದು ಕನೆಕ್ಷನ್ ಬಿಡುಗಡೆಯಾಗುತ್ತದೆ. ಬೆಳಿಗ್ಗೆ ತೆರೆಯುವಾಗಲೇ ರೈತರ ಪಟ್ಟಿಯನ್ನು ಲೋಕಲ್ ಟೇಬಲ್‌ಗೆ ಇಳಿಸಿಕೊಂಡರೆ ಇನ್ನೂ ಚೆನ್ನ. ಫಾರಂ ಕೂಡ ಬಿಲ್ ನಂಬರ್ ಕೊಟ್ಟು ಒಂದೇ ಬಿಲ್ ತೆರೆಯಬೇಕು, ಇಡೀ ಟೇಬಲ್ ಅಲ್ಲ.

ವಖಾರಿ_ಲೆಕ್ಕ:
ಸ್ವಿಚ್ ಯುಪಿಎಸ್‌ಗೆ ಬಂತು, 17 ಹಾಕಿ ರಿಲಿಂಕ್ ಆಯಿತು. ಪರೀಕ್ಷೆಗೆ ಸ್ವಿಚ್ ಆರಿಸಿ ಹಚ್ಚಿದರೆ ಬಿಲ್ ಫಾರಂ ತಡೆದು ತಡೆದು ಬರುತ್ತದೆ, ಆದರೆ ಬರುತ್ತದೆ. ರಾಶಿ, ಚಾಲಿ (ಅಡಿಕೆಯ ಬಗೆಗಳು) ಖಾತೆ ರಿಪೋರ್ಟ್ ಮಾತ್ರ ಇನ್ನೂ 3146. ಮತ್ತೊಂದು, ಯಲ್ಲಾಪುರ ಶಾಖೆಗೂ ವಿಪಿಎನ್‌ನಲ್ಲಿ ಇದೇ ಫ್ರಂಟ್ ಎಂಡ್ ಕೊಡಬಹುದೇ?

ಕಾಳಿ_ದಂಡೆ:
ಆ ರಿಪೋರ್ಟ್ ಪಾಸ್‌ಥ್ರೂ ಕ್ವೆರಿ (ನೇರ ಸರ್ವರ್‌ಗೇ ಹೋಗುವ ಕ್ವೆರಿ) ಮೇಲಿರಬೇಕು. ಟೇಬಲ್ ಮಾತ್ರ ರಿಲಿಂಕ್ ಮಾಡಿದರೆ ಅದರಲ್ಲಿ ಹಳೆಯ ಸ್ಟ್ರಿಂಗೇ ಉಳಿಯುತ್ತದೆ. ಡಿಸೈನ್ ವ್ಯೂನಲ್ಲಿ ಪ್ರಾಪರ್ಟಿ ಶೀಟ್ ತೆರೆದು ‘ಓಡಿಬಿಸಿ ಕನೆಕ್ಟ್ ಸ್ಟ್ರಿಂಗ್’ ಬದಲಿಸಿ.

ಯಲ್ಲಾಪುರಕ್ಕೆ ಬೇಡ ಮಾರಾಯ್ರೆ. ಬೌಂಡ್ ಫಾರಂ (ನೇರ ಟೇಬಲ್‌ಗೆ ಕಟ್ಟಿದ ಫಾರಂ) ಒಂದೊಂದು ಸಾಲಿಗೂ ಸರ್ವರ್‌ಗೆ ಹೋಗಿ ಬರುತ್ತದೆ, ಘಟ್ಟದ ಲೈನ್‌ಗೆ ಅದು ತಡೆಯುವುದಿಲ್ಲ. ಶಿರಸಿಯಲ್ಲೇ ಒಂದು ಕಂಪ್ಯೂಟರ್ ಇಟ್ಟು, ವಿಪಿಎನ್ ಒಳಗಿಂದ ರಿಮೋಟ್ ಡೆಸ್ಕ್‌ಟಾಪ್ ಕೊಡಿ. ಮರ ಬಿದ್ದು ಲೈನ್ ಹೋದರೂ ಅರ್ಧ ಬರೆದ ಬಿಲ್ ಇಲ್ಲೇ ತೆರೆದಿರುತ್ತದೆ. ವಿಂಡೋಸ್ ಪ್ರೊನಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೂರಬಹುದು, ಇಬ್ಬರಿದ್ದರೆ ಎರಡು ಕಂಪ್ಯೂಟರ್ ಬೇಕು.