ಚೆಸ್ ಕೋರ್ಸ್ ವಿಡಿಯೋ ನೋಡುವಾಗ ಎಲ್ಲಾ ತಿಳೀತೈತಿ, ಆಡಾಕ ಕುಂತ್ರ ತಲಿ ಖಾಲಿ. ಎಲ್ಲೆ ತಪ್ಪಾಗಾಕತ್ತೈತಿ?

ಚಿಗರಿ_ಪ್ಯಾಸೆಂಜರ್:
ನಮಸ್ಕಾರ್ರಿ ಎಲ್ಲಾರಿಗೂ. ಮನಿ ಹುಬ್ಬಳ್ಳಿ, ಕೆಲಸ ಧಾರವಾಡದಾಗ, ದಿನಾ ಚಿಗರಿ ಬಸ್ಸಿನ್ಯಾಗ ಹೋಗ್ತ ಬರ್ತ ಒಂದೂವರಿ ತಾಸು ಸಿಗ್ತೈತಿ, ಅಷ್ಟೂ ಹೊತ್ತು ಮೊಬೈಲ್‌ನ್ಯಾಗ ಚೆಸ್ ವಿಡಿಯೋನ ನೋಡೋದು. ಎಂಟ್ ತಿಂಗಳಾತು. ರೊಕ್ಕಾ ಕೊಟ್ಟು ಎರಡ್ ಕೋರ್ಸ್ ತಗೊಂಡೇನಿ, ಎರಡೂ ಓಪನಿಂಗ್ ಅಂದ್ರ ಆಟದ ಶುರುವಿನ ನಡಿ ಕಲಿಸೋವು, ಒಂದು ಕರಿ ಕಾಯಿಗೆ ಇ4 ಇ5 (ಅಕ್ಷರ ಅಂದ್ರ ಬೋರ್ಡಿನ ಉದ್ದ ಸಾಲು, ಅಂಕಿ ಅಂದ್ರ ಅಡ್ಡ ಸಾಲು), ಇನ್ನೊಂದು ಬಿಳಿಗೆ ಲಂಡನ್ ಸಿಸ್ಟಮ್. ಎರಡೂ ಪೂರ್ತಿ ಮುಗಿಸೇನ್ರಿ, ಒಂದೊಂದ ಚಾಪ್ಟರ್ ಎರಡ್ಸಲ ನೋಡೇನಿ. ನೋಡುವಾಗ ಎಲ್ಲಾ ಅಗ್ದಿ ಸರಳ ಅನಸ್ತೈತಿ. ಆಡಾಕ ಕುಂತ್ರ ಎಂಟನೇ ನಡಿ ಅನ್ನೂದ್ರಾಗ ನಾ ಎಲ್ಲಿದ್ದೇನಿ ಅನ್ನೋದ ಗೊತ್ತಾಗವಲ್ದು. ಲೀಚೆಸ್ ಅನ್ನೋ ಆನ್‌ಲೈನ್ ಚೆಸ್ ಸೈಟಿನ ರ್ಯಾಪಿಡ್‌ನ್ಯಾಗ ರೇಟಿಂಗ್ 1340 ಇತ್ತು, ಈಗ 1325. ಅಂದ್ರ ಕಲತು ಕಲತು ಕೆಳಗ ಇಳದೇನಿ! ಕೋರ್ಸ್ ಸರಿ ಇಲ್ಲೋ, ನನ್ನ ತಲಿ ಸರಿ ಇಲ್ಲೋ, ಯಾರರ ಹೇಳ್ರಿ.

ವಿದ್ಯಾನಗರ_ಬ್ಲಿಟ್ಜ್:
ಬ್ರೋ ಲಂಡನ್ ಬಿಡ್ರಿ, ಅದು ಮುದುಕರ ಓಪನಿಂಗ್. ಸಿಸಿಲಿಯನ್ ಕೋರ್ಸ್ ತಗೋರಿ, ನಾನೂ ಹೋದ ತಿಂಗಳ ತಗೊಂಡೆ, ಮಸ್ತ್ ಐತಿ.

ಬೆಟಗೇರಿ_ಕುದರಿ:
ತಡೀರಿ, ಮೂರನೇ ಕೋರ್ಸ್ ಕೊಡಿಸೂಕಿಂತ ಮೊದಲ ನಾಡಿ ಹಿಡದು ನೋಡೂಣು. ಮೂರು ಮಾತು ಹೇಳ್ರಿ. ವಿಡಿಯೋ ಯಾವ ಸ್ಪೀಡ್‌ನ್ಯಾಗ ನೋಡ್ತೀರಿ? ನಡು ನಡು ಪಾಸ್ ಮಾಡ್ತೀರೇನು? ಮತ್ತ ಹಿಂದಿನ ಹತ್ತು ಕೆಟ್ಟ ಆಟ ತಗದು, ಇಂಜಿನ್ (ತಪ್ಪು ನಡಿ ತೋರಿಸೋ ಕಂಪ್ಯೂಟರ್) ಹಚ್ಚೂಕಿಂತ ಮೊದಲ, ಯಾವ ನಡಿಗೆ ಆಟ ಕೈ ಬಿಡ್ತು ಅಂತ ಬರದು ಹಾಕ್ರಿ. ಓಪನಿಂಗ್ ಹೆಸರು ಬ್ಯಾಡ, ಯಾಕ ಸೋತ್ರಿ ಅನ್ನೋದಷ್ಟ ಸಾಕು.

ಚಿಗರಿ_ಪ್ಯಾಸೆಂಜರ್:
ಖರೇ ಹೇಳ್ಬೇಕಂದ್ರ 1.75 ಸ್ಪೀಡ್ ರಿ. 😅 ಪಾಸ್ ಎಲ್ಲಿಂದ ಮಾಡೂದು, ಒಮ್ಮೊಮ್ಮೆ ನಿಂತ ಹೋಗ್ತೇನಿ, ಒಂದ ಕೈಯಾಗ ಮ್ಯಾಲಿನ ಹಿಡಿ, ಇನ್ನೊಂದ್ರಾಗ ಮೊಬೈಲು.

ಹತ್ತು ಆಟ ತಗದು ನೋಡಿದೆ, ನೋಡಿ ನನಗ ನಾಚಿಕಿ ಬಂತು. ಆರು ಆಟದಾಗ ಕಾಯಿ ಸುಮ್ನ ಪುಕ್ಕಟೆ ಕೊಟ್ಟೇನಿ, ಎದುರಿನವ ಕೈ ಚಾಚಿ ತಗೊಂಡಾನ ಅಷ್ಟ. ಎರಡ್ರಾಗ ಕುದರಿ ಫೋರ್ಕ್ ಬಿತ್ತು, ಅಂದ್ರ ಒಂದ ಕುದರಿ ಒಮ್ಮೆಲೆ ಎರಡ ಕಾಯಿ ಮ್ಯಾಲೆ. ಒಂದು ಟೈಮ್ ಮುಗೀತು. ಇನ್ನೊಂದು ಗೆಲ್ಲೂ ರಾಜಾ-ಸೈನಿಕದ ಎಂಡ್‌ಗೇಮ್, ಡ್ರಾ ಮಾಡ್ಕೊಂಡೆ.

ಆ ಫೋರ್ಕ್‌ನ್ಯಾಗ ಒಂದು ಹೇಳ್ತೇನಿ ಕೇಳ್ರಿ, ಹೊಟ್ಟಿ ಉರೀತೈತಿ. ನಂದು ಕರಿ. ಇ4 ಇ5, ಅವ ಕುದರಿ ಎಫ್3, ನಾ ಕುದರಿ ಸಿ6, ಅವ ಒಂಟಿ ಸಿ4, ನಾ ಕುದರಿ ಎಫ್6. ಇಲ್ಲೀ ತನಕಾ ಕೋರ್ಸ್ ಹೇಳಿದಂಗ ಆತು. ಕೋರ್ಸ್‌ನ್ಯಾಗ ಬಿಳಿ ಡಿ3 ಆಡ್ತೈತಿ, ಆಮ್ಯಾಲೆ ಹದಿನಾಲ್ಕನೇ ನಡಿ ತನಕಾ ನನಗ ಬಾಯಿಪಾಠ. ಈ ಪುಣ್ಯಾತ್ಮ ಡಿ3 ಆಡ್ಲಿಲ್ಲ, ಕುದರಿ ಜಿ5 ಆಡಿದ. ಓಡಿಸಿ ಬಿಡೂಣು ಅಂತ ಎಚ್6 ತಳ್ಳಿದೆ. ಕುದರಿ ಎಫ್7ಕ್ಕ ಬಂದು ಕುಂತು ಒಂದ ಕಣ್ಣು ರಾಣಿ ಮ್ಯಾಲೆ, ಒಂದ ಕಣ್ಣು ಆನಿ ಮ್ಯಾಲೆ. ರಾಜಾನಿಂದ ಹೊಡಿಯಾಕ ಬರಂಗಿಲ್ಲ, ಹಿಂದ ಒಂಟಿ ಕಾವಲ ಐತಿ. ಐದನೇ ನಡಿಗೆ ಆಟ ಮುಗೀತು, ಆ ಹದಿನಾಲ್ಕ ನಡಿ ಬಾಯಿಪಾಠ ಹಂಗ ಉಳೀತು.

ಬೆಟಗೇರಿ_ಕುದರಿ:
ತಮ್ಮಾ, ನಿನ್ನ ತಲಿನೂ ಸರಿ ಐತಿ, ಕೋರ್ಸೂ ಸರಿ ಇರಬೇಕು. ಬ್ಯಾನಿ ಒಂದು, ಔಷಧ ಇನ್ನೊಂದಕ್ಕ ತಗೊಳ್ಳಾಕತ್ತಿ. ಹತ್ರಾಗ ಓಪನಿಂಗಿಂದ ಕೆಟ್ಟದ್ದು ಒಂದೋ ಅರ್ಧೋ, ಆರು ಆಟ ಕಾಯಿ ಬಿಟ್ಟು ಸೋತಿ, ಅದಕ್ಕ ನೀ ಕೊಂಡದ್ದು ಎರಡೂ ಓಪನಿಂಗ್ ಕೋರ್ಸ್! (ಹೋಗಲಿ ಬಿಡು, ನಾನೂ ರಿಟೈರ್ ಆದ ಹೊಸ್ತಾಗಿ ಇದ ಮಾಡೇನಿ, ನಂದು ಮೂರು ಕೋರ್ಸ್.)

ಇನ್ನ ವಿಡಿಯೋ ನೋಡೋ ಮಾತು. ಧಾರವಾಡಕ್ಕ ದಿನಾ ಹೋಗ್ತಿ, ಅಲ್ಲೆ ಹಿಂದೂಸ್ತಾನಿ ಕಛೇರಿಗೆ ನಲವತ್ತು ವರ್ಷದಿಂದ ಹೋಗೋ ಮಂದಿ ಸಿಗ್ತಾರ, ಎರಡು ಸ್ವರ ಕಿವಿಗೆ ಬಿದ್ರ ಇದು ಭೀಮಪಲಾಸ ಅಂತ ಹೇಳ್ತಾರ, ಹಾಡ್ರಿ ಅಂದ್ರ ಕೈ ಮುಗೀತಾರ. ಗುರ್ತು ಹಿಡಿಯೋದು ಬ್ಯಾರೆ, ಗಂಟಲಿಂದ ತೆಗಿಯೋದು ಬ್ಯಾರೆ. ವಿಡಿಯೋದಾಗ ಮಾಸ್ತರ ನಡಿ ತೋರಿಸಿದ ಮ್ಯಾಲೆ ‘ಹೌದಲ್ಲ’ ಅಂತಿ, ಆ ನಡಿ ಹುಡಿಕಿದಾಂವ ಅವ, ನೀ ಅಲ್ಲ. ಅದೂ 1.75 ಸ್ಪೀಡ್‌ನ್ಯಾಗ ‘ಹೌದಲ್ಲ’ ಅನ್ನಾಕೂ ಹೊತ್ತ ಸಿಗಂಗಿಲ್ಲ.

ಹಿಂಗ ಮಾಡು. ಬಸ್ಸಿನ್ಯಾಗ ವಿಡಿಯೋ ಬಂದ್ ಮಾಡು, ಬದ್ಲಿ ಲೀಚೆಸ್ ಪಜಲ್ ಬಿಡಸು. ಪುಕ್ಕಟೆ ಐತಿ, ಜಾಹೀರಾತಿಲ್ಲ. ಅದ್ರಾಗ ಥೀಮ್ ಅಂತ ಪಟ್ಟಿ ಐತಿ, ಮೊದಲ ಹ್ಯಾಂಗಿಂಗ್ ಪೀಸ್ (ಕಾವಲಿಲ್ಲದ ಕಾಯಿ), ಆಮ್ಯಾಲೆ ಫೋರ್ಕ್. ಸ್ಪೀಡ್ ಬ್ಯಾಡ, ನವನಗರ ದಾಟೂದ್ರಾಗ ಐದ ಆದ್ರೂ ಸಾಕು, ಆದ್ರ ಎದುರಿನವ ಏನ್ ಉತ್ತರ ಕೊಡ್ತಾನ ಅನ್ನೋದನ್ನೂ ತಲಿಯಾಗ ಮುಗಿಸಿಕೊಂಡ ಮ್ಯಾಲೇನ ಕಾಯಿ ಮುಟ್ಟು. ವಿಡಿಯೋ ಮನ್ಯಾಗ ರಾತ್ರಿ, ಮುಂದ ಖರೇ ಬೋರ್ಡ್ ಇಟ್ಕೊಂಡು ನಾರ್ಮಲ್ ಸ್ಪೀಡ್‌ನ್ಯಾಗ. ಮಾಸ್ತರ ನಡಿ ಹೇಳೂಕಿಂತ ಮೊದಲ ಪಾಸ್ ಒತ್ತು, ನಿನ್ನ ನಡಿ ಡೈರಿಯಾಗ ಬರಿ, ಯಾಕ ಅನ್ನೋದನ್ನ ಒಂದ ಸಾಲು ಬರಿ, ಆಮ್ಯಾಲೆ ಮುಂದ ಓಡಸು. ಅವ ಬ್ಯಾರೆ ಆಡಿದ್ರ ‘ಇಲ್ಲೆ ನಂದು ಆಡಿದ್ರ ಏನಾಕ್ಕಿತ್ತು’ ಅಂತ ಬೋರ್ಡ್ ಮ್ಯಾಲೆ ಆಡಿ ನೋಡು, ಅಷ್ಟೂ ಆದ ಮ್ಯಾಲೆ ಇಂಜಿನ್. ಹತ್ತು ನಿಮಿಷದ ವಿಡಿಯೋಕ್ಕ ಮುಕ್ಕಾಲ ತಾಸು ಹಿಡೀತೈತಿ, ಹಿಡೀಲಿ.

ಆ ಕುದರಿ ಜಿ5 ಬಗ್ಗೆ. ಅಲ್ಲೆ ಡಿ5 ಆಡ್ಬೇಕು, ಒಂಟಿ ದಾರಿ ಮುಚ್ಚತೈತಿ. ಅವ ಇ ಸೈನಿಕದಿಂದ ಡಿ5 ಹೊಡೀತಾನ. ಈಗ ಕುದರಿಯಿಂದ ತಿರುಗಿ ಹೊಡಿಯೂಣು ಅಂತ ಕೈ ತುರಸ್ತೈತಿ, ಹೊಡೀಬ್ಯಾಡ. ಹೊಡದ್ರ ಅವ ಕುದರಿ ಬಲಿ ಕೊಟ್ಟು ಎಫ್7 ತಗೋತಾನ, ರಾಜಾ ಹೊಡೀಬೇಕು, ರಾಣಿ ಎಫ್3 ಚೆಕ್, ಡಿ5 ಕುದರಿ ಕಾಯಾಕ ರಾಜಾ ಇ6ಕ್ಕ ನಡುಬೀದಿಗೆ ಬರಬೇಕು, ನಮ್ಮ ಮಟ್ಟದಾಗ ಅಲ್ಲಿಂದ ಯಾರೂ ಜೀವಂತ ಮನಿಗೆ ಹೋಗಂಗಿಲ್ಲ. ಅದಕ್ಕ ಕುದರಿ ಎ5, ಸೀದಾ ಒಂಟಿಗೆ ಹೊಡತ. ಒಂದು ಸೈನಿಕ ಕಡಿಮಿ ಬೀಳ್ತೈತಿ ಖರೇ, ಆದ್ರ ಕಾಯಿ ಲಗೂನ ಹೊರಗ ಬರ್ತಾವು, ಬಿಳಿ ಒಂಟಿ ಕುದರಿ ಓಡ್ಯಾಡ್ತಾವು. ಓಪನಿಂಗ್ ಸದ್ಯಕ್ಕ ಇಷ್ಟ ಗೊತ್ತಿದ್ರ ಸಾಕು.

ವಿದ್ಯಾನಗರ_ಬ್ಲಿಟ್ಜ್:
ಕಾಕಾರ, ಓಪನಿಂಗ್ ಬ್ಯಾಡ ಅಂದ್ರ ಹೆಂಗ್ರಿ? ಗ್ರ್ಯಾಂಡ್‌ಮಾಸ್ಟರ್ ಮಂದಿ ದಿನಾ ಅದನ್ನ ಓದ್ತಾರಲ್ಲ.

ಬೆಟಗೇರಿ_ಕುದರಿ:
ಅವರು ಕಾಯಿ ಪುಕ್ಕಟೆ ಕೊಡಂಗಿಲ್ಲಪಾ, ಅದಕ್ಕ ಓದ್ತಾರ. ಹಂಗಂತ ಅವರೂ ಒಮ್ಮೊಮ್ಮೆ ಕೊಡ್ತಾರ ಅನ್ನು. 2024ರ ಡಿಸೆಂಬರ್ 12, ಸಿಂಗಾಪುರ, ವಿಶ್ವ ಚಾಂಪಿಯನ್‌ಶಿಪ್ಪಿನ 14ನೇ ಆಟ ತಗದು ನೋಡು. ಆಗ ಚಾಂಪಿಯನ್ ಇದ್ದ ಡಿಂಗ್ ಲಿರೆನ್‌ಗೆ ಒಂದ ಸೈನಿಕ ಕಡಿಮಿ, ಆದ್ರ ಡ್ರಾ ಆಗೋ ಆಟ. 55ನೇ ನಡಿಗೆ ಆನಿ ಎಫ್2ಕ್ಕ ಇಟ್ಟ. ಗುಕೇಶ್ ಆನಿ ಹೊಡಕೊಂಡು ಒಂಟಿ ಡಿ5ಕ್ಕ ಇಟ್ಟು ಅದನ್ನೂ ಬದಲಾಯಿಸಿದ, ಉಳದದ್ದು ಬರೇ ರಾಜಾ ಸೈನಿಕ, ಮೂರು ನಡಿಯಾಗ ಡಿಂಗ್ ಸೋಲೊಪ್ಪಿ ಕೈ ಕೊಟ್ಟ. ಎದುರಿನವ ಏನ್ ಹೊಡೀತಾನ, ಹೊಡದ ಮ್ಯಾಲೆ ಏನ್ ಉಳೀತೈತಿ ಅನ್ನೋ ಲೆಕ್ಕ ಒಂದ್ಸಲ ತಪ್ಪಿದ್ದಕ್ಕ ಪಟ್ಟ ಹೋತು. ಅದ್ಕ ಸಿಸಿಲಿಯನ್ ಏನ್ ಮಾಡ್ತೈತಿ?

ಯಾಲಕ್ಕಿ_ಹಾರ:
ನಡುವ ಬಾಯಿ ಹಾಕ್ತೇನ್ರಿ, ಹಾವೇರಿಯಿಂದ. ನನ್ನ ಮಗ ಆರನೇತ್ತ, ಕನ್ನಡ ಮೀಡಿಯಂ. ಚಲೋ ವಿಡಿಯೋ ಎಲ್ಲಾ ಇಂಗ್ಲಿಷಿನ್ಯಾಗ, ಅವ್ರು ಮಾತಾಡೋ ಸ್ಪೀಡಿಗೆ ನನಗೂ ತಿಳಿಯಂಗಿಲ್ಲ, ಅವ ಬ್ಯಾಸತ್ತು ಎದ್ದು ಹೋಗ್ತಿದ್ದ. ಒಂದಿನ ಸಿಟ್ಟಿಗೆದ್ದು ಮ್ಯೂಟ್ ಮಾಡಿ ‘ಅವ್ರು ಯಾಕ ಹಂಗ ಆಡಿದ್ರು ಅಂತ ನೀನ ಹೇಳು’ ಅಂದೆ. ಹುಡುಗ ಕ್ರಿಕೆಟ್ ಕಾಮೆಂಟರಿ ಹೇಳಿದಂಗ ಹೇಳಾಕತ್ತಾನ, ‘ಈ ಒಂಟಿಗೆ ದಾರಿ ಇಲ್ಲವ್ವಾ, ಅದಕ್ಕ ಸೈನಿಕ ತಳ್ಳ್ಯಾರ’ ಅಂತ. ತಪ್ಪು ಹೇಳ್ತಾನ ಭಾಳ ಸಲ. ಆಮ್ಯಾಲೆ ಧ್ವನಿ ಹಚ್ಚಿ ಇಬ್ಬರೂ ಅರ್ಧಂಬರ್ಧ ತಿಳ್ಕೋತೇವಿ. ಇದು ಸರಿ ಐತೇನ್ರಿ ಕಾಕಾರ?

ಬೆಟಗೇರಿ_ಕುದರಿ:
ಅಕ್ಕಾರ, ನಾ ಇಷ್ಟುದ್ದ ಬರದದ್ದನ್ನ ನೀವು ಒಂದ ಬಟನ್‌ನ್ಯಾಗ ಮಾಡೀರಿ. ಹಂಗ ನಡಸ್ರಿ. ನಾನೂ ಇವತ್ತ ರಾತ್ರಿ ಮ್ಯೂಟ್ ಮಾಡಿ ನೋಡ್ತೇನಿ.

ಚಿಗರಿ_ಪ್ಯಾಸೆಂಜರ್:
ಮೂರು ವಾರ ಆತು, ಅಪ್‌ಡೇಟ್ ಕೊಡ್ತೇನಿ. 1325 ಇದ್ದದ್ದು 1378 ಆಗೇತಿ. ಭಾಳ ಏನಲ್ಲ, ಆದ್ರ ಪುಕ್ಕಟೆ ಕಾಯಿ ಕೊಡೋದು ಹತ್ರಾಗ ಎರಡಕ್ಕ ಇಳದೈತಿ. ಅದೇ ಕೋರ್ಸ್ ಪಾಸ್ ಮಾಡಿ ನೋಡಾಕತ್ರ ಮೊದಲನೇ ಚಾಪ್ಟರ್‌ನ್ಯಾಗ ಹನ್ನೊಂದು ನಡಿ ಊಹೆ ಮಾಡಿ ಮೂರು ಸರಿ. ಮುಗಿಸೇನಿ ಅಂತ ಹೇಳ್ಕೊಂಡ ಕೋರ್ಸ್ ಇದು! ಮನ್ಯಾಗ ‘ಆ ಒಂದ ವಿಡಿಯೋ ಎಷ್ಟ್ ದಿನ ನೋಡ್ತೀರಿ’ ಅಂತ ಕೇಳಾಕತ್ತಾರ.

ಆ ಡ್ರಾ ಆದ ಎಂಡ್‌ಗೇಮ್ ಕೇಳೋದಿತ್ತು. ನನ್ನ ರಾಜಾ ಇ4, ಸೈನಿಕ ಇ3, ಅವನ ರಾಜಾ ಇ6, ಪಾಳಿ ನಂದು. ಎತ್ಲಾಗ ಹೋದ್ರೂ ಅವ ಎದುರ ಬಂದು ನಿಲ್ತಿದ್ದ. ಮತ್ತ ಹೊಸ ತ್ರಾಸು ಅಂದ್ರ, ಪ್ರತಿ ನಡಿ ಚೆಕ್ ಮಾಡಾಕ ಹೋಗಿ ಈಗ ಟೈಮ್ ಮುಗದು ಸೋಲಾಕತ್ತೇನಿ.

ಬೆಟಗೇರಿ_ಕುದರಿ:
ಅಲ್ಲೆ ಡ್ರಾನ, ನೀ ಏನ್ ಮಾಡಿದ್ರೂ. ಅದ ಪಾಳಿ ಅವಂದಿದ್ರ ನೀ ಗೆದ್ದಿ, ಅವ ಬಾಜೂಕ ಸರೀಬೇಕು, ನೀ ಇನ್ನೊಂದ ಬಾಜು ಒಳಗ ನುಗ್ತಿ. ತಪ್ಪಾದದ್ದು ಹಿಂದ, ಸೈನಿಕ ಇ2ರಾಗ ಇದ್ದಾಗ ಅವಸರ ಮಾಡಿ ಇ3 ತಳ್ಳಿರ್ತಿ. ಸೈನಿಕ ಇ2ರಾಗ ಬಿಟ್ಟು ರಾಜಾನ್ನ ಮುಂದ ಕಳಸಿದ್ರ, ಇದ ಜಾಗಾದಾಗ ಇ3 ಆಡಿ ಪಾಳಿ ಅವನ ಕೊಳ್ಳಾಗ ಹಾಕಬಹುದಿತ್ತು. ಆ ಒಂದು ನಡಿ ಕಿಸೆದಾಗ ಇಟ್ಕೋಬೇಕು. ಲೀಚೆಸ್‌ನ್ಯಾಗ ಪ್ರ್ಯಾಕ್ಟೀಸ್ ಅಂತ ಐತಿ, ಅಲ್ಲೆ ಇದ ಕಂಪ್ಯೂಟರ್ ಎದುರ ಆಡಿ ನೋಡು.

ಟೈಮಿಂದು, ನೀ 10 ನಿಮಿಷದ್ದು ಆಡ್ತಿ ಕಾಣಸ್ತೈತಿ, ಹೊಸ ರೂಢಿ ಕೂಡೂ ತನಕಾ 15 ಪ್ಲಸ್ 10 ಆಡು, ನಡಿಗೊಮ್ಮೆ ಹತ್ತು ಸೆಕೆಂಡ್ ಕೂಡ್ತೈತಿ. ಆಟ ಕಡಿಮಿ ಆಗ್ತಾವು, ಆಗಲಿ. ಈ ಐತವಾರ ಸಂಜಿಕ ನಾ ಆನ್‌ಲೈನ್ ಇರ್ತೇನಿ, ಬಾ. ಕರಿ ನೀ ತಗೋ, ನಾಲ್ಕನೇ ನಡಿಗೆ ಕುದರಿ ಜಿ5ಕ್ಕ ಬರ್ತೈತಿ, ಈಗ ಹೇಳಿರ್ತೇನಿ.